ಬೀಜದ ಕುದುರೆ ಆರಿಸೋ ಮೊದಲು ಹೆಣ್ಣು ಕುದುರೆ ನೋಡ್ರಿ

ಡಿಸೆಂಬರ್ ಹತ್ತಿರ ಬಂದರೆ ನನ್ನ ಫೋನಿನ ತುಂಬ ಗಂಡು ಕುದುರೆಗಳ ಫೋಟೋ. ಕಳಿಸುವವರು ದಾವಣಗೆರೆಯ ನನ್ನ ಗೆಳೆಯರೊಬ್ಬರು, ಅಕ್ಕಿ ಮಿಲ್ಲಿನ ಸಾವ್ಕಾರ್ರು. ಪುಣೆ ಕಡೆಯ ಒಂದು ಸ್ಟಡ್ ಫಾರ್ಮಿನಲ್ಲಿ, ಅಂದರೆ ಕುದುರೆ ಮರಿ ಮಾಡಿಸುವ ಫಾರ್ಮಿನಲ್ಲಿ, ಅವರ ಎರಡು ಥರೋಬ್ರೆಡ್ (ರೇಸ್ ತಳಿಯ) ಹೆಣ್ಣು ಕುದುರೆಗಳಿವೆ. ತಿಂಗಳಾ ತಿಂಗಳಾ ಮೇವಿನ ಖರ್ಚು ಕಟ್ಟುತ್ತಾರೆ, ಆಗಾಗ ಹೋಗಿ ಬೆಲ್ಲ ತಿನ್ನಿಸಿ ಬರುತ್ತಾರೆ. ನಾನು ದನದ ಡಾಕ್ಟರು. ವಯಸ್ಸಿನಲ್ಲಿ ಸ್ವಲ್ಪ ಕಾಲ ಕುದುರೆ ಫಾರ್ಮಿನಲ್ಲಿ ಕೆಲಸ ಮಾಡಿದ್ದೆ ಅನ್ನೋ ಒಂದೇ ಕಾರಣಕ್ಕೆ ಈ ಊರಿನಲ್ಲಿ ಕುದುರೆ ಮಾತು ಬಂದರೆ ಎಲ್ಲರೂ ನನ್ನ ಕಡೆ ಕೈ ತೋರಿಸುತ್ತಾರೆ.

"ಡಾಕ್ಟ್ರೇ, ಈ ಸಲ ಇದನ್ನ ಹಾಕ್ಸೋಣೇನ್ರಿ? ಹೊಸದಾಗಿ ಬಂದೈತಂತೆ. ಏನ್ ಕಳೆ ಐತಿ ನೋಡ್ರಿ!"

ಕಳೆ ಇರುತ್ತದೆ ಬಿಡಿ. ಫೋಟೋಗೆ ನಿಲ್ಲಿಸುವ ಮೊದಲು ಮೈ ತಿಕ್ಕಿ ಮಿಂಚು ಬರಿಸಿರುತ್ತಾರೆ, ಕಾಲಿನ ದೋಷ ಕಾಣದ ಹಾಗೆ ನಿಲ್ಲಿಸಿರುತ್ತಾರೆ. ಕ್ಯಾಟಲಾಗಿನಲ್ಲಿ ಕೆಟ್ಟ ಗಂಡು ಅಂತ ಯಾವುದೂ ಇರುವುದಿಲ್ಲ. ನಾನು ಫೋಟೋ ಬಗ್ಗೆ ಏನೂ ಹೇಳದೆ ತಿರುಗಿಸಿ ಕೇಳುತ್ತೇನೆ: "ಸಾವ್ಕಾರ್ರೆ, ಮರಿ ಮಾರ್ತೀರೋ, ನೀವೇ ಓಡಿಸ್ತೀರೋ?" ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಯಾವ ಗಂಡಿನ ಹೆಸರು ಎತ್ತಿದರೂ ಸುಮ್ನೆ ಮಾತು ಅಷ್ಟೇ.

ಯಾಕೆ ಅಂತ ಹೇಳಬೇಕಾದರೆ ಕ್ಯಾಲೆಂಡರ್ ಬಿಡಿಸಿ ತೋರಿಸಬೇಕು. 2026ರ ಫೆಬ್ರವರಿಯಲ್ಲಿ ಗಂಡು ಹಾಕಿಸಿದಿರಿ ಅಂದುಕೊಳ್ಳಿ. ಕುದುರೆ ಗಬ್ಬ ಸುಮಾರು 340 ದಿನ, ಹೆಚ್ಚು ಕಡಿಮೆ ಹನ್ನೊಂದು ತಿಂಗಳು. ಮರಿ ಬೀಳುವುದು 2027ರ ಜನವರಿಯಲ್ಲಿ. ನಮ್ಮಲ್ಲಿ ರೇಸ್ ಕುದುರೆಗಳಿಗೆಲ್ಲ ಜನವರಿ 1 ಒಂದೇ ಹುಟ್ಟುಹಬ್ಬ. ಹಾಗಾಗಿ ಆ ಮರಿಗೆ ಎರಡು ವರ್ಷ ಅಂತ ಲೆಕ್ಕವಾಗುವುದು 2029ರಲ್ಲಿ, ಎರಡು ವರ್ಷದವುಗಳ ರೇಸ್ ಶುರುವಾಗುವುದು ಆ ವರ್ಷದ ಕೊನೆ ಕೊನೆಗೆ. ಮುಂಬಯಿಯ ಮಹಾಲಕ್ಷ್ಮಿಯಲ್ಲಿ ನಡೆಯುವ ಇಂಡಿಯನ್ ಡರ್ಬಿ ಅನ್ನುವ ದೊಡ್ಡ ರೇಸು ನಾಲ್ಕು ವರ್ಷದ ಕುದುರೆಗಳಿಗೆ, ಅದೂ ಫೆಬ್ರವರಿಯಲ್ಲಿ. ಅಂದರೆ 2031. ಇವತ್ತು ಮಿಲ್ಲಿನಲ್ಲಿ ಕೂತು ತೆಗೆದುಕೊಂಡ ತೀರ್ಮಾನ ಸರಿಯೋ ತಪ್ಪೋ ಅಂತ ಗೊತ್ತಾಗೋಕೆ ಐದು ವರ್ಷ ಬೇಕು.

ಈಗ ಇದೇ ಲೆಕ್ಕವನ್ನು ಹೊಸ ಗಂಡಿನ ಕಡೆಯಿಂದ ನೋಡಿ. ಅವನೂ 2026ರಲ್ಲಿ ಕೆಲಸ ಶುರು ಮಾಡಿದ. ಅವನ ಮಕ್ಕಳು ಓಡಿ ತೋರಿಸುವುದು 2029ರ ಕೊನೆಗೆ. ಅಷ್ಟರಲ್ಲಿ ಅವನು 2026, 27, 28, 29 ನಾಲ್ಕು ಸೀಸನ್ ಮುಗಿಸಿರುತ್ತಾನೆ. ಈ ನಾಲ್ಕೂ ಸೀಸನ್ನಿನಲ್ಲಿ ಅವನ ಹತ್ತಿರ ಹೆಣ್ಣು ಕುದುರೆ ಕಳಿಸಿದವರಿಗೆ ಅವನು ಎಂಥಾ ತಂದೆ ಅನ್ನೋದಕ್ಕೆ ಒಂದೇ ಒಂದು ಸಾಕ್ಷಿಯೂ ಇರುವುದಿಲ್ಲ. ಆದರೂ ಮೊದಲ ವರ್ಷ ಅವನ ಬುಕ್, ಅಂದರೆ ಬರುವ ಹೆಣ್ಣುಗಳ ಪಟ್ಟಿ, ಭರ್ತಿ. ಎರಡು ಮೂರನೇ ವರ್ಷಕ್ಕೆ ಉತ್ಸಾಹ ಇಳಿಯುತ್ತದೆ. ಅವನು ಏನೂ ತಪ್ಪು ಮಾಡಿರುವುದಿಲ್ಲ, ಅವನಿಗಿಂತ ಹೊಸಬ ಬಂದಿರುತ್ತಾನೆ ಅಷ್ಟೇ. ಮಕ್ಕಳು ಗೆದ್ದರೆ ಆಮೇಲೆ ಅವನನ್ನು ಹಾಕಿಸುವ ಫೀ ಏರುತ್ತದೆ, ನಮ್ಮ ಸಾವ್ಕಾರ್ರಂಥವರ ಕೈಗೆ ಸಿಗುವುದಿಲ್ಲ. ಸೋತರೆ ಯಾರೂ ತಿರುಗಿ ನೋಡುವುದಿಲ್ಲ. ಯಾರ ಬಗ್ಗೆ ಏನೂ ಗೊತ್ತಿಲ್ಲವೋ ಅವನಿಗೇ ಎಲ್ಲರಿಗಿಂತ ಜಾಸ್ತಿ ಗಿರಾಕಿ. ಬೇರೆ ಯಾವ ವ್ಯಾಪಾರದಲ್ಲಾದರೂ ಇದು ನಡೆದರೆ ನಮ್ಮ ಸಾವ್ಕಾರ್ರೇ ನಗುತ್ತಿದ್ದರು. ಭತ್ತ ಕೊಳ್ಳುವಾಗ ಚೀಲಕ್ಕೆ ಬಂಬು ಚುಚ್ಚಿ ಕಾಳು ತೆಗೆದು ನೋಡದೆ ರೇಟು ಹೇಳುವ ಜನವೇ ಅಲ್ಲ ಅವರು.

ಹಾಗಂತ ಹೊಸ ಗಂಡು ಹಾಕಿಸುವವರೆಲ್ಲ ದಡ್ಡರು ಅಂತಲ್ಲ. ಮರಿಯನ್ನು ಒಂದು ವರ್ಷಕ್ಕೆ ಮಾರುವವನಿಗೆ ಹೊಸ ಗಂಡೇ ಸರಿ. ಯಾಕೆಂದರೆ ಕೊಳ್ಳುವವನಿಗೂ ಅವನ ಬಗ್ಗೆ ಏನೂ ಗೊತ್ತಿಲ್ಲ, ಅವನ ಮಕ್ಕಳು ಇನ್ನೂ ಎಲ್ಲೂ ಸೋತಿಲ್ಲ. ಆಸೆಯನ್ನು ಆಸೆ ಇರುವಾಗಲೇ ಮಾರಿಬಿಡಬೇಕು. ಓಡಿಸುವವನ ಲೆಕ್ಕ ಬೇರೆ. ಅವನಿಗೆ ಬೇಕಾಗಿರುವುದು ಗಟ್ಟಿ ಕಾಲು, ಸರಿಯಾದ ದೂರ, ನಾಲ್ಕು ವರ್ಷದವರೆಗೆ ಬಾಳುವ ಮೈ. ಅವನು ಐದಾರು ವರ್ಷದಿಂದ ಒಂದೇ ಸಮನೆ ಗೆಲ್ಲುವ ಮಕ್ಕಳನ್ನು ಕೊಡುತ್ತಾ ಬಂದ, ಫೋಟೋದಲ್ಲಿ ಬೆನ್ನು ಸ್ವಲ್ಪ ಇಳಿದಂತೆ ಕಾಣುವ ಹಳೇ ಗಂಡನ್ನು ನೋಡಬೇಕು. ಅಂಥವನ ಫೋಟೋವನ್ನು ನಮ್ಮ ಸಾವ್ಕಾರ್ರು ಇವತ್ತಿನವರೆಗೆ ನನಗೆ ಕಳಿಸಿಲ್ಲ.

ಈ ವಿಷಯದಲ್ಲಿ ಫೋಟೋ, ಬೆಲೆ, ಗೆದ್ದ ರೇಸು ಮೂರೂ ಎಷ್ಟು ಸಲ ಕೈ ಕೊಟ್ಟಿವೆ ಅಂತ ಹೇಳೋಕೆ ಹೋದರೆ ರಾತ್ರಿ ಕಳೆಯುತ್ತದೆ. ಅಮೆರಿಕದಲ್ಲಿ 2006ರಲ್ಲಿ ಗ್ರೀನ್ ಮಂಕಿ ಅನ್ನುವ ಎರಡು ವರ್ಷದ ಕುದುರೆ ಹರಾಜಿನಲ್ಲಿ 1.6 ಕೋಟಿ ಡಾಲರಿಗೆ ಹೋಯಿತು. ಒಂದು ರೇಸನ್ನೂ ಗೆಲ್ಲಲಿಲ್ಲ. ಇತ್ತ ಕೆನಡಾದ ನಾರ್ದರ್ನ್ ಡ್ಯಾನ್ಸರ್, 1961ರಲ್ಲಿ ಹುಟ್ಟಿದ್ದು, ಮರಿಯಾಗಿದ್ದಾಗ 25,000 ಡಾಲರ್ ಹೇಳಿದರೂ ಕೊಳ್ಳುವವರು ಸಿಗಲಿಲ್ಲ, ಗಿಡ್ಡ ಅಂತ. ಅದೇ ಗಿಡ್ಡ 1964ರಲ್ಲಿ ಕೆಂಟಕಿ ಡರ್ಬಿ ಗೆದ್ದ. ಬೀಜದ ಕುದುರೆಯಾಗಿ ಇಡೀ ಜಗತ್ತಿನ ರೇಸ್ ಕುದುರೆಗಳ ರಕ್ತವನ್ನೇ ಬದಲಾಯಿಸಿಬಿಟ್ಟ. ಸೆಕ್ರೆಟೇರಿಯಟ್ 1973ರಲ್ಲಿ ಅಮೆರಿಕದ ಟ್ರಿಪಲ್ ಕ್ರೌನ್, ಅಂದರೆ ಮೂರು ದೊಡ್ಡ ರೇಸುಗಳನ್ನೂ, ಗೆದ್ದ ಮಹಾ ಓಟಗಾರ. ಅವನಂಥ ಗಂಡು ಮಗ ಅವನಿಗೆ ಹುಟ್ಟಲೇ ಇಲ್ಲ. ಅವನ ಶಕ್ತಿ ಇದ್ದದ್ದು ಹೆಣ್ಣು ಮಕ್ಕಳಲ್ಲಿ. ಬೀಜದ ಕುದುರೆಗಳಾಗಿ ಹೆಸರು ಮಾಡಿದ ಸ್ಟಾರ್ಮ್ ಕ್ಯಾಟ್, ಎ.ಪಿ. ಇಂಡಿ ಎರಡೂ ಅವನ ಹೆಣ್ಣುಮಕ್ಕಳಿಗೆ ಹುಟ್ಟಿದವು. ಇನ್ನು ಸಿಗಾರ್ ಅನ್ನುವ ಕುದುರೆಯ ಪಾಡು ಕೇಳಲೇಬೇಡಿ. ಒಂದರ ಹಿಂದೆ ಒಂದು 16 ರೇಸ್ ಗೆದ್ದು ಸ್ಟಡ್ಡಿಗೆ ಬಂದ. ಒಂದು ಹೆಣ್ಣು ಕುದುರೆಗೂ ಗಬ್ಬ ನಿಲ್ಲಲಿಲ್ಲ, ಬೀಜದಲ್ಲೇ ಜೀವ ಇರಲಿಲ್ಲ.

ನಮ್ಮ ದೇಶದ್ದೇ ಬೇಕು ಅಂದರೆ ರಝೀನ್. ನಾರ್ದರ್ನ್ ಡ್ಯಾನ್ಸರನ ಮಗ. 1990ರ ಇಂಗ್ಲೆಂಡಿನ ಎಪ್ಸಮ್ ಡರ್ಬಿಯಲ್ಲಿ ಅವನ ಮೇಲೇ ಎಲ್ಲರ ಬಾಜಿ. ಓಡಿ ಮುಗಿಸಿದಾಗ ಎಲ್ಲೋ ಹಿಂದೆ ಇದ್ದ. ಅಲ್ಲಿ ಬೇಡವಾದವನು ಇಲ್ಲಿಗೆ ಬಂದು ಉಷಾ ಸ್ಟಡ್ಡಿನಲ್ಲಿ ನಿಂತ. ಭಾರತದ ಚಾಂಪಿಯನ್ ಸೈರ್, ಅಂದರೆ ಆ ವರ್ಷದ ಅತ್ಯುತ್ತಮ ತಂದೆ ಅನ್ನುವ ಪಟ್ಟ, ಮತ್ತೆ ಮತ್ತೆ ಅವನದೇ ಆಯಿತು. ಭಾರತಕ್ಕೆ ಬರುವ ಗಂಡುಗಳಲ್ಲಿ ಹೆಚ್ಚಿನವು ಹೀಗೇ, ಹೊರಗಡೆ ಫ್ಯಾಷನ್ ಮುಗಿದವು, ಅಥವಾ ದೊಡ್ಡ ರೇಸಿನಲ್ಲಿ ಒಂದು ಮೆಟ್ಟಿಲು ಕೆಳಗೆ ಉಳಿದವು. ಅದು ಅವಮಾನ ಏನಲ್ಲ. ಯೂರೋಪಿನಲ್ಲಿ ಮೊದಲ ಸಾಲಿನ ಗಂಡನ್ನು ಒಂದು ಹೆಣ್ಣಿಗೆ ಹಾಕಿಸೋಕೆ ಲಕ್ಷಗಟ್ಟಲೆ ಪೌಂಡ್ ಕೇಳುತ್ತಾರೆ. ನಾವು ನೋಡಬೇಕಾದದ್ದು ರಕ್ತ ಒಳ್ಳೆಯದಿದ್ದು ಅದೃಷ್ಟ ಕೆಟ್ಟವನೋ, ಅಥವಾ ರಕ್ತವೂ ಅಷ್ಟಕ್ಕಷ್ಟೇನೋ ಅಂತ.

ಇಷ್ಟೆಲ್ಲ ಗಂಡಿನ ಮಾತೇ ಆಯಿತು. ಚಳ್ಳಕೆರೆ ಕಡೆ ನಾನು ಕೆಲಸದಲ್ಲಿದ್ದಾಗ ಅಲ್ಲಿನ ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳನ್ನು ನೋಡಿದ್ದೆ. ದೇವರಿಗೆ ಬಿಟ್ಟ ದನ, ಉಳುವುದಿಲ್ಲ, ಮಾರುವುದಿಲ್ಲ. ನೋಡಿಕೊಳ್ಳುವವನು ಕಿಲಾರಿ. ಮಂದೆಯಲ್ಲಿ ಬೀಜಕ್ಕೆ ಯಾವ ಹೋರಿ ಉಳಿಸಿಕೊಳ್ಳಬೇಕು ಅಂತ ಒಬ್ಬ ವಯಸ್ಸಾದ ಕಿಲಾರಿಯನ್ನು ಕೇಳಿದ್ದೆ. ನಾನು ಓದಿಕೊಂಡವನು, ಎದೆ ಅಗಲ, ಬೆನ್ನಿನ ಉದ್ದ, ಗೊರಸು ಅಂತೆಲ್ಲ ಹೇಳಿದೆ. ಅಜ್ಜ ಎಲ್ಲಾ ಕೇಳಿಸಿಕೊಂಡು, ಒಂದು ಹೋರಿಗರುವಿನ ಕಡೆ ಕೋಲು ಚಾಚಿ, "ಇದ್ರ ತಾಯಿ ಅಗಾ, ಆ ಬಿಳೇದು. ಅದ್ರ ತಾಯಿ ಬರದಾಗೂ ಹಾಲು ಬತ್ತಿಸ್ಲಿಲ್ಲ ಸ್ವಾಮಿ" ಅಂದ. ಅಷ್ಟೇ. ತಂದೆ ಯಾವುದು ಅಂತ ನಾನು ಕೇಳಿದರೆ ಅವನಿಗೆ ಸರಿಯಾಗಿ ನೆನಪಿರಲಿಲ್ಲ. ಸುಳಿ ಮಾತ್ರ ನೋಡಿದ, ಅದು ಬಿಡಿ, ಸುಳಿ ನೋಡದೆ ನಮ್ಮ ಕಡೆ ಯಾರೂ ಎತ್ತೂ ಕೊಳ್ಳುವುದಿಲ್ಲ, ಕುದುರೆಯೂ ಕೊಳ್ಳುವುದಿಲ್ಲ.

(ಆ ಕಡೆಯ ಕಾವಲುಗಳ, ಅಂದರೆ ದನ ಮೇಯುವ ಹುಲ್ಲುಗಾವಲುಗಳ, ಕಥೆ ಬೇರೆಯೇ. ಮೈಸೂರು ಅರಸರ ದನಗಳ ಇಲಾಖೆ ಬೆಣ್ಣೆ ಚಾವಡಿ ಟಿಪ್ಪು ಕಾಲದಲ್ಲಿ ಅಮೃತಮಹಲ್ ಆಯಿತು, ಫಿರಂಗಿ ಎಳೆಯೋಕೆ ಎತ್ತು ಬೇಕಿತ್ತು. ದಂಡಿನ ಕುದುರೆಗೆ ಕುಣಿಗಲ್ ಫಾರ್ಮು ಶುರುವಾದದ್ದೂ ಅವನ ಕಾಲದಲ್ಲೇ. ಎತ್ತಿಗೊಂದು, ಕುದುರೆಗೊಂದು. ಕುಣಿಗಲ್ಲಿನಲ್ಲಿ ಆಮೇಲೆ ರೇಸ್ ಕುದುರೆ ಬಂತು. ಚಳ್ಳಕೆರೆಯ ಕಾವಲಿನಲ್ಲಿ ಸುಮಾರು 10,000 ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ದನ ಮೇಯುವ ಜಾಗಕ್ಕೆ ಕಾಂಪೌಂಡ್ ಬಂತು.)

ಕುದುರೆಯವರೂ ಕಿಲಾರಿ ಅಜ್ಜನ ಮಾತನ್ನೇ ಬೇರೆ ಭಾಷೆಯಲ್ಲಿ ಹೇಳುತ್ತಾರೆ, ಆದರೆ ಹಣ ಹಾಕುವಾಗ ಮರೆಯುತ್ತಾರೆ. ಹರಾಜಿನ ಕ್ಯಾಟಲಾಗ್ ಪುಟ ತೆಗೆದು ನೋಡಿ. ಮೇಲೆ ತಂದೆಯ ಬಗ್ಗೆ ಸ್ವಲ್ಪ, ಉಳಿದ ಪುಟ ಪೂರ್ತಿ ತಾಯಿ, ತಾಯಿಯ ತಾಯಿ, ಅವಳ ತಾಯಿ. ಕಾರಣ ಸರಳ. ಒಂದು ಗಂಡಿಗೆ ಸೀಸನ್ನಿಗೆ ನೂರು ಮಕ್ಕಳಾಗಬಹುದು. ಹೆಣ್ಣಿಗೆ ವರ್ಷಕ್ಕೆ ಒಂದೇ. ಅವಳ ಕೈಯಲ್ಲಿ ಜೀವಮಾನಕ್ಕೆ ಹತ್ತು ಹನ್ನೆರಡು ಮರಿ ಆದರೆ ದೊಡ್ಡದು. ಒಂದು ವರ್ಷ ತಪ್ಪು ಗಂಡಿಗೆ ಹೋದರೆ ಗಂಡಿಗೆ ಏನೂ ನಷ್ಟ ಇಲ್ಲ, ಅವಳ ಲೆಕ್ಕದಲ್ಲಿ ಒಂದು ಮರಿ ಹೋಯಿತು.

ಅದಕ್ಕೇ ನಾನು ಸಾವ್ಕಾರ್ರಿಗೆ ಹೇಳಿದ್ದು, ಮೊದಲು ನಿಮ್ಮ ಹೆಣ್ಣು ಕುದುರೆ ಹೇಗಿದ್ದಾಳೆ ಅಂತ ಒಂದು ಹಾಳೆಯಲ್ಲಿ ಬರೀರಿ, ಒಳ್ಳೇದು ಕೆಟ್ಟದ್ದು ಎರಡೂ. ಅವರು ಒಳ್ಳೇದು ಮಾತ್ರ ಬರೆದರು. ಕೆಟ್ಟದ್ದು ನಾನು ಬರೆದೆ. ವಯಸ್ಸಿನಲ್ಲಿ ದೊಡ್ಡವಳ ಕಥೆ ಹೀಗಿದೆ. 1,200 ಮೀಟರಿನಲ್ಲಿ ಗೆದ್ದವಳು, 1,600ಕ್ಕೆ ಹೋದರೆ ಕೊನೆಯಲ್ಲಿ ಉಸಿರು ಕಟ್ಟುತ್ತದೆ. ಮೈಕಟ್ಟು ಚಿಕ್ಕದು, ಹಿಂಭಾಗ ಗಟ್ಟಿ. ಮುಂಗಾಲಿನ ಮಂಡಿ ಪಕ್ಕದಿಂದ ನೋಡಿದರೆ ಸ್ವಲ್ಪ ಹಿಂದಕ್ಕೆ ಬಾಗಿದೆ. ಸ್ವಭಾವ ಮುಂಗೋಪ, ಸ್ಟಾರ್ಟಿಂಗ್ ಗೇಟಿಗೆ ಹೋಗುವ ಮೊದಲೇ ಬೆವತು ಹೋಗುತ್ತಿದ್ದಳು.

"ಹಂಗಾರ ಎತ್ತರದ ಗಂಡು ಹಾಕ್ಸಿದ್ರಾತು. ಮರಿ ನಡುವೆ ಬರ್ತೈತಿ" ಅಂದರು.

ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ಹಾಲಿಗೆ ನೀರು ಬೆರೆಸಿದ ಹಾಗೆ ತಂದೆ ತಾಯಿ ಬೆರೆಯುವುದಿಲ್ಲ. ತೀರಾ ಎತ್ತರದವನನ್ನು ಚಿಕ್ಕ ಮೈಯವಳಿಗೆ ಹಾಕಿದರೆ ಅವನ ಭಾರ ಇವಳ ಕಾಲಿನ ಮೇಲೆ ಬಂದು ಕೂರಬಹುದು. ಅಂಥ ಮರಿ ಟ್ರೈನಿಂಗ್ ಮುಗಿಯುವ ಮೊದಲೇ ಕುಂಟುತ್ತದೆ. ನಾನು ಮೊದಲು ನೋಡುವುದು ಎತ್ತರವನ್ನಲ್ಲ, ಆ ಮಂಡಿಯನ್ನು. ಮಂಡಿ ಹಿಂದಕ್ಕೆ ಬಾಗಿದ್ದರೆ ಓಡುವಾಗ ಪ್ರತಿ ಹೆಜ್ಜೆಗೂ ಮುಂದಿನ ಸಣ್ಣ ಮೂಳೆಗಳು ಒಂದನ್ನೊಂದು ಒತ್ತುತ್ತವೆ, ಚೂರು ಏಳುತ್ತವೆ. ಹಾಗಾಗಿ ಗಂಡಿಗೆ ಆ ದೋಷದ ವಾಸನೆಯೂ ಇರಬಾರದು. ಅವನಿಗಷ್ಟೇ ಅಲ್ಲ, ಅವನ ಮಕ್ಕಳಿಗೂ ಇರಬಾರದು. ಗಂಡನ್ನು ನೋಡೋಕೆ ಹೋದವರು ಅವನು ಅಡ್ಡಾಡುವ ಬೇಲಿ ಬಯಲಿನಿಂದ, ಅಂದರೆ ಪ್ಯಾಡಕ್‌ನಿಂದ ನೇರ ಮರಿಗಳ ಪ್ಯಾಡಕ್ಕಿಗೆ ಹೋಗಬೇಕು. ಅವನ ನಾಲ್ಕೈದು ಮರಿಗಳು ನಡೆಯೋದನ್ನು ಮುಂದಿನಿಂದ, ಪಕ್ಕದಿಂದ ನೋಡಿದರೆ ಕ್ಯಾಟಲಾಗಿನಲ್ಲಿ ಇಲ್ಲದ್ದೆಲ್ಲ ಕಾಣುತ್ತದೆ.

ದೂರದ ವಿಷಯಕ್ಕೆ ಈಗ ಒಂದು ಒಳ್ಳೆ ಉಪಾಯ ಬಂದಿದೆ. ಡಬ್ಲಿನ್ನಿನ ವಿಶ್ವವಿದ್ಯಾಲಯದ ಎಮೆಲಿನ್ ಹಿಲ್ ಅವರ ತಂಡ 2010ರಲ್ಲಿ ಮಯೋಸ್ಟಾಟಿನ್ ಅನ್ನುವ ಒಂದು ಜೀನ್ ರೇಸ್ ಕುದುರೆ ಯಾವ ದೂರಕ್ಕೆ ಒಗ್ಗುತ್ತದೆ ಅನ್ನೋದರ ಜೊತೆ ಗಟ್ಟಿಯಾಗಿ ತಳುಕು ಹಾಕಿಕೊಂಡಿದೆ ಅಂತ ತೋರಿಸಿತು. ಆ ಜೀನಿಗೆ ಸಿ, ಟಿ ಅಂತ ಎರಡು ರೂಪ, ಮರಿಗೆ ತಂದೆಯಿಂದ ಒಂದು, ತಾಯಿಯಿಂದ ಒಂದು. ಸಿಸಿ ಬಂದರೆ ಸ್ಪ್ರಿಂಟ್, ಅಂದರೆ ಕಡಿಮೆ ದೂರದ ಓಟ, ಟಿಟಿ ಬಂದರೆ ದೂರದ ಓಟ, ಸಿಟಿ ಬಂದರೆ ನಡುವಿನದು. ಈ ಹೆಣ್ಣು ಟೆಸ್ಟಿನಲ್ಲಿ ಸಿಸಿ ಅಂತ ಬಂದರೆ, ಇನ್ನೊಂದು ಸಿಸಿ ಗಂಡಿಗೆ ಹಾಕಿದರೆ ಮರಿಗಳೆಲ್ಲ ಸಿಸಿ, 2,400 ಮೀಟರಿನ ಡರ್ಬಿ ಕನಸು ಅಲ್ಲಿಗೇ ಮುಗಿಯಿತು ಅನ್ನಬಹುದು. ಟಿಟಿ ಗಂಡಿಗೆ ಹಾಕಿದರೆ ಮರಿಗಳೆಲ್ಲ ಸಿಟಿ. ಇದರಲ್ಲಿ ಅದೃಷ್ಟದ ಮಾತೇ ಇಲ್ಲ. ಆದರೆ ಈ ಜೀನು ಯಾವ ದೂರ ಅಂತ ಹೇಳುತ್ತದೆ, ಎಷ್ಟು ಚೆನ್ನಾಗಿ ಅಂತ ಹೇಳುವುದಿಲ್ಲ. ನಿಧಾನವಾಗಿ ಓಡುವ ಸ್ಪ್ರಿಂಟರುಗಳು ನಮ್ಮಲ್ಲಿ ಬೇಕಾದಷ್ಟಿವೆ.

ಇನ್ನೊಂದು ಹುಚ್ಚು ನಿಕ್ ಅನ್ನುವುದು. ಇಂಥ ಗಂಡಿನ ವಂಶಕ್ಕೆ ಇಂಥ ಹೆಣ್ಣಿನ ವಂಶ ಕೂಡಿ ಬರುತ್ತದೆ ಅನ್ನುವ ಲೆಕ್ಕ. ಇಂಗ್ಲೆಂಡಿನಲ್ಲಿ ಓಡಿದ ಫ್ರಾಂಕೆಲ್ ಗೊತ್ತಲ್ವಾ, 14 ರೇಸಿಗೆ 14 ಗೆದ್ದವನು. ತಂದೆ ಗೆಲಿಲಿಯೋ, ತಾಯಿಯ ತಂದೆ ಡೇನ್‌ಹಿಲ್. ಅವನು ಗೆದ್ದ ಮೇಲೆ ಡೇನ್‌ಹಿಲ್ ಮಗಳು ಯಾರ ಮನೆಯಲ್ಲಿದ್ದರೂ ಗೆಲಿಲಿಯೋ ಹತ್ತಿರ ಕಳಿಸಿದ್ದೇ ಕಳಿಸಿದ್ದು. ಕೂಡಿ ಬಂದದ್ದು ನಿಜ, ಅದರಲ್ಲಿ ಹಲವು ದೊಡ್ಡ ಕುದುರೆಗಳು ಹುಟ್ಟಿದವು. ಆದರೆ ಗೆದ್ದವುಗಳ ಪಟ್ಟಿ ಕೊಡುವವರು ಒಟ್ಟು ಎಷ್ಟು ಸಲ ಆ ಜೋಡಿ ಮಾಡಿದರು ಅಂತಲೂ ಹೇಳಬೇಕು. ಎರಡೂ ಕಡೆ ಜಗತ್ತಿನ ಅತಿ ಒಳ್ಳೆಯ ರಕ್ತ ಇರುವಾಗ ಒಳ್ಳೆಯದು ಹುಟ್ಟಿತು ಅಂದರೆ ಅದು ನಿಕ್ಕಿನ ಮಹಿಮೆಯೋ, ಒಳ್ಳೆಯ ಹೆಣ್ಣುಗಳ ಮಹಿಮೆಯೋ? ನನಗಂತೂ ಎರಡನೆಯದೇ ಜಾಸ್ತಿ ಅನ್ನಿಸುತ್ತದೆ. ಪೆಡಿಗ್ರಿಯಲ್ಲಿ, ಅಂದರೆ ವಂಶಾವಳಿಯಲ್ಲಿ, ನಾನು ನೋಡುವುದು ಇಷ್ಟೇ: ಒಂದೇ ಹೆಸರು ತೀರಾ ಹತ್ತಿರ, ಎರಡು ಮೂರನೇ ತಲೆಮಾರಿನಲ್ಲೇ ಎರಡೂ ಕಡೆ ಬರಬಾರದು. ನಾಲ್ಕನೆಯದಕ್ಕೆ ಬಂದರೆ ಪರವಾಗಿಲ್ಲ. ನಾರ್ದರ್ನ್ ಡ್ಯಾನ್ಸರ್ ಹೆಸರಂತೂ ತಪ್ಪಿಸೋಕೆ ಹೋದರೆ ಗಂಡೇ ಸಿಗುವುದಿಲ್ಲ.

ದನದ ಜನಕ್ಕೆ ಒಂದು ವಿಷಯ ಹೇಳಿದರೆ ನಂಬುವುದೇ ಇಲ್ಲ. ಇಲ್ಲಿ ಹೊನ್ನಾಳಿಯ ಯಾವ ಹಳ್ಳಿಗಾದರೂ ಬೈಕಿನ ಹಿಂದೆ ನೈಟ್ರೋಜನ್ ಕ್ಯಾನ್ ಕಟ್ಟಿಕೊಂಡು ಹೋಗಿ, ಎಲ್ಲೋ ದೂರದ ಹೋರಿಯ ವೀರ್ಯದ ಕಡ್ಡಿ ಹಾಕಿ ಬರುತ್ತೇವೆ. ಥರೋಬ್ರೆಡ್ಡಿಗೆ ಅದು ನಡೆಯುವುದಿಲ್ಲ. ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಗೆ ಸ್ಟಡ್ ಬುಕ್ಕಿನಲ್ಲಿ, ಅಂದರೆ ತಳಿಯ ದಾಖಲೆ ಪುಸ್ತಕದಲ್ಲಿ, ಜಾಗವೇ ಇಲ್ಲ, ಜಗತ್ತಿನ ಎಲ್ಲೂ ಇಲ್ಲ. ಗಂಡು ಹೆಣ್ಣು ಎದುರಾಬದುರು ನಿಲ್ಲಲೇಬೇಕು. ಮರಿ ಹುಟ್ಟಿದ ಮೇಲೆ ಡಿಎನ್ಎ ಪರೀಕ್ಷೆ ಮಾಡಿ ತಂದೆ ತಾಯಿ ಇವರೇ ಅಂತ ಖಾತ್ರಿ ಮಾಡುತ್ತಾರೆ. ಹಾಗಾಗಿ ಹೆಣ್ಣು ಪುಣೆಯಲ್ಲಿದ್ದು ಗಂಡು ಹರಿಯಾಣದಲ್ಲಿದ್ದರೆ, ಹಾಲು ಕುಡಿಯುವ ಮರಿ ಜೊತೆಗಿರುವ ತಾಯಿಯನ್ನು ಸಾವಿರ ಕಿಲೋಮೀಟರಿಗೂ ಜಾಸ್ತಿ ಲಾರಿಯಲ್ಲಿ ಕಳಿಸಬೇಕು. ಸಾವ್ಕಾರ್ರು ಕಳಿಸುವ ಫೋಟೋಗಳಲ್ಲಿ ಅರ್ಧ ಇದೊಂದೇ ಕಾರಣಕ್ಕೆ ಬಿದ್ದು ಹೋಗುತ್ತವೆ.

ಉಳಿದವುಗಳ ಬಗ್ಗೆ ಫಾರ್ಮಿಗೆ ಫೋನ್ ಮಾಡಿ ಕೇಳಬೇಕಾದದ್ದನ್ನು ನಾನೇ ಕೇಳುತ್ತೇನೆ, ಸಾವ್ಕಾರ್ರು ಕೇಳಿದರೆ ಮಾತು ಫೀ ಕಡೆಗೇ ಹೋಗುತ್ತದೆ. ಹೋದ ಸೀಸನ್ನಿನಲ್ಲಿ ಎಷ್ಟು ಹೆಣ್ಣು ಬಂದವು, ಎಷ್ಟಕ್ಕೆ ಮೊದಲ ಬೆದೆಯಲ್ಲೇ ನಿಂತಿತು? ಇದು ತುಂಬಾ ಮುಖ್ಯ. ಹೆಣ್ಣು ಕುದುರೆ ಬೆದೆ 21 ದಿನಕ್ಕೊಮ್ಮೆ ಬರುತ್ತದೆ, ಐದರಿಂದ ಏಳು ದಿನ ಇರುತ್ತದೆ. ಒಂದು ಸಲ ತಪ್ಪಿದರೆ ಮೂರು ವಾರ ಹೋಯಿತು, ಎರಡು ಸಲ ತಪ್ಪಿದರೆ ಮರಿ ಮಾರ್ಚಿಗೆ ಹೋಯಿತು. ಜನವರಿಯಲ್ಲಿ ಹುಟ್ಟಿದವುಗಳ ಜೊತೆ ಓಡುವಾಗ ಎರಡು ತಿಂಗಳ ವ್ಯತ್ಯಾಸ ಸಣ್ಣದಲ್ಲ. ಅವಸರ ಮಾಡಿ ಮೊದಲೇ ಹಾಕಿಸಿ ಮರಿ ಡಿಸೆಂಬರ್ ಕೊನೆಗೆ ಬಿದ್ದರೆ ಇನ್ನೂ ಅನಾಹುತ, ಹುಟ್ಟಿದ ವಾರಕ್ಕೇ ಕಾಗದದಲ್ಲಿ ಒಂದು ವರ್ಷ ತುಂಬಿಬಿಡುತ್ತದೆ. ಆಮೇಲೆ ಜೀವಂತ ಮರಿ ಹುಟ್ಟಿದರೆ ಮಾತ್ರ ಫೀ ಅನ್ನುವ ಕರಾರು ಇದೆಯಾ, ಇದ್ದರೆ ಮರಿ ಎದ್ದು ನಿಂತು ಹಾಲು ಕುಡಿಯಬೇಕು ಅಂತ ಬರೆದಿದ್ದಾರಾ? ಬಾಯಿ ಮಾತು ಬೇಡ. ಗಂಡಿನ ಸ್ವಭಾವವನ್ನು ಮ್ಯಾನೇಜರ್ ಹತ್ತಿರ ಕೇಳಬೇಡಿ, ದಿನಾ ನೋಡಿಕೊಳ್ಳುವ ಸೈಸ್ ಹತ್ತಿರ ಕೇಳಿ. "ಮಾಲೀಕ್ರು ಬಂದ ದಿನ ಚೆನ್ನಾಗಿರ್ತಾನೆ" ಅಂತ ಒಬ್ಬ ಸೈಸ್ ನನಗೆ ಹೇಳಿದ್ದ. ನಮ್ಮ ಮುಂಗೋಪಿ ಹೆಣ್ಣಿಗೆ ಇನ್ನೊಬ್ಬ ಮುಂಗೋಪಿ ಬೇಡ. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಕೊನೆಗೆ ಎರಡು ಹೆಸರು ಉಳಿದಿವೆ. ಒಂದು ಹಳೇ ಗಂಡು, 1,600ರಿಂದ 2,000 ಮೀಟರಿನಲ್ಲಿ ಗೆಲ್ಲುವ ಮಕ್ಕಳನ್ನು ಕೊಟ್ಟವನು, ಮಕ್ಕಳ ಮಂಡಿ ನೆಟ್ಟಗಿವೆ, ಎತ್ತರ ಮಧ್ಯಮ. ಇನ್ನೊಂದು ಸಾವ್ಕಾರ್ರ ಕಳೆ ಇರುವ ಹೊಸಬ. ವಯಸ್ಸಿನಲ್ಲಿ ಚಿಕ್ಕವಳಿಗೆ ಹೊಸಬನನ್ನು ಹಾಕಿಸಿ ಮರಿ ಮಾರಿಬಿಡಿ, ಓಡಿಸುವ ಆಸೆ ಇದ್ದರೆ ದೊಡ್ಡವಳನ್ನು ಹಳಬನಿಗೆ ಕಳಿಸಿ ಅಂತ ಹೇಳಿದ್ದೇನೆ. ಅವರು ಇನ್ನೂ ಹೂಂ ಅಂದಿಲ್ಲ, ಮನೆಯಲ್ಲಿ ಮಗನಿಗೂ ಹೊಸಬನೇ ಇಷ್ಟವಂತೆ. ಆದರೆ ಒಂದು ಕೆಲಸಕ್ಕೆ ತಡ ಮಾಡೋ ಹಾಗಿಲ್ಲ. ದೊಡ್ಡವಳಿಗೆ ಈ ವರ್ಷ ಗಬ್ಬ ಇಲ್ಲ, ಖಾಲಿ ಇದ್ದಾಳೆ. ಹಗಲು ಉದ್ದವಾದರೇ ಹೆಣ್ಣು ಕುದುರೆ ಸರಿಯಾಗಿ ಬೆದೆಗೆ ಬರುವುದು. ಡಿಸೆಂಬರಿನಲ್ಲಿ ನಮ್ಮಲ್ಲೂ ಹಗಲು ಹನ್ನೊಂದು ಗಂಟೆ ಚಿಲ್ಲರೆ ಅಷ್ಟೇ. ಕತ್ತಲಾದ ಮೇಲೆ ಲಾಯದಲ್ಲಿ ದೀಪ ಹಾಕಿ ಬೆಳಕು 16 ಗಂಟೆ ಇರುವ ಹಾಗೆ ಮಾಡಬೇಕು, ಅದು ಕೆಲಸ ಮಾಡೋಕೆ ಎರಡು ತಿಂಗಳಾದರೂ ಬೇಕು. ಹಾಗಾಗಿ ಗಂಡು ಯಾರೇ ಆಗಲಿ, ಲೈಟು ಇವತ್ತಿನಿಂದಲೇ ಹಾಕಿಸಿ ಅಂತ ಫಾರ್ಮಿಗೆ ನಾನೇ ಫೋನ್ ಮಾಡಿದ್ದೇನೆ. ಕರೆಂಟ್ ಬಿಲ್ ಬಂದ ಮೇಲೆ ಸಾವ್ಕಾರ್ರಿಗೆ ಹೇಳಿದರಾಯಿತು.